ನಾಲ್ಕನೆಯ ಗುಂಡಿ

ವೈಯಾಲಾ ಊರಿನ ಗ್ರಂಥಾಲಯದಲ್ಲಿ
ಗುರುವಾರ ಹತ್ತರಿಂದ ಒಂದರವರೆಗೆ
ಜೆರಾಕ್ಸ್ ಯಂತ್ರದ ಪಕ್ಕದ ಮೇಜು ನನ್ನದು.
ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ
ಸಂಬಳದ ಚೀಟಿ ಬರೆದವಳು ನಾನು;
ಮನುಷ್ಯರನ್ನು ಚೌಕದೊಳಗೆ ಕೂರಿಸುವುದು
ಕೈಗೆ ಹತ್ತಿದ ವಿದ್ಯೆ.

ಅದಿರಿನ ಕೆಂಪು ಧೂಳು ಇಲ್ಲಿ
ಕಿಟಕಿಗೆ, ಬಟ್ಟೆಗೆ, ಅರ್ಜಿಯ ಅಂಚಿಗೂ ಮೆತ್ತುತ್ತದೆ.
ದೂರದ ಕಚೇರಿಯಲ್ಲಿ ಯಾರೋ ಲಕೋಟೆ ಒಡೆದು
ಕೊಡವುತ್ತಿರಬಹುದು ನಮ್ಮೂರನ್ನು.

ಯೆಲ್ಕಾ ಬಂದದ್ದು ಜೂನಿನ ಚಳಿಯಲ್ಲಿ,
ಮಗ ಆಂತೆಯ ಗಾಲಿಕುರ್ಚಿ ತಳ್ಳಿಕೊಂಡು.
ಚೀಲದ ತುಂಬ ಡಾಕ್ಟರುಗಳ ಕಾಗದ,
ಮೇಲೊಂದು ಡಬ್ಬಿ, ಅಕ್ರೋಟಿನ ಸುರುಳಿ ರೊಟ್ಟಿ.
"ಲಂಚ ಅಲ್ಲ, ತಿಂಡಿ" ಅಂದಳು.

ಸ್ನಾನ ತಾನೇ ಮಾಡುವನೇ?
"ಮಾಡ್ತಾನೆ."
ನೀರಿನ ಬಿಸಿ ನೋಡುವವರು ಯಾರು?
"ನಾನು."
ಕುರ್ಚಿಯಿಂದ ಎತ್ತಿ ಕೂರಿಸುವವರು?
"ಇನ್ಯಾರು, ನಾನೇ."
ಬೆನ್ನು?
"ನಾನು. ಆದರೆ ಹಾಡು ಮಾತ್ರ ಅವನದು,
ಪೂರ್ತಿ ಅವನೇ ಹಾಡ್ತಾನೆ."

ಹಾಡಿಗೆ ಚೌಕವಿರಲಿಲ್ಲ.

ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಒಳ್ಳೆಯ ದಿನವನ್ನು ಬರೆಯಬೇಡಿ,
ಅವರು ಅದನ್ನೇ ವರ್ಷಕ್ಕೆ ಗುಣಿಸುತ್ತಾರೆ.
ಅತಿ ಕೆಟ್ಟ ದಿನವನ್ನು ತನ್ನಿ.
ಇದು ನನ್ನ ಡೆಸ್ಮಂಡನ ಅರ್ಜಿಯಲ್ಲಿ ಕಲಿತದ್ದು.
'ನಡೆಯುತ್ತಾರೆ' ಎಂದು ಹೆಮ್ಮೆಯಿಂದ ಬರೆದು
ಎರಡು ವರ್ಷ ಕಳೆದುಕೊಂಡೆವು,
ಅವನಿಗೆ ಇದ್ದದ್ದು ಮೂರು.

ಅವಳು ಸುಮ್ಮನಾದಳು.
ಇಪ್ಪತ್ತೊಂಬತ್ತು ವರ್ಷ ಶಾಲೆಗೆ, ಚರ್ಚಿಗೆ, ನಾದಿನಿಯರಿಗೆ
ಮಗನ 'ಆಗುತ್ತದೆ'ಗಳನ್ನೇ
ಒಂದೊಂದಾಗಿ ಹೆಕ್ಕಿ ತೋರಿಸುತ್ತ ಬಂದವಳು.
ಈಗ ಅದೇ ಬಾಯಲ್ಲಿ, ಅವನೆದುರೇ,
ಕೈಲಾಗದು, ಕೈಲಾಗದು ಎನ್ನಬೇಕು;
ನಾನು ಬರೆದುಕೊಳ್ಳಬೇಕು, ಕಪ್ಪು ಶಾಯಿಯಲ್ಲಿ,
ಗೆರೆ ದಾಟದ ಹಾಗೆ.

ರಾತ್ರಿ ಎಷ್ಟು ಸಲ ಎಬ್ಬಿಸುತ್ತಾನೆ?
"ಎಬ್ಬಿಸೋದಿಲ್ಲ. ನಾನೇ ಏಳ್ತೀನಿ,
ಮಗ್ಗುಲು ತಿರುಗಿಸೋಕೆ. ಎರಡು ಸಲ. ಮೂರು."
ಮೂರು ಎಂದು ಬರೆದೆ.
"ಚಳಿಗೆ ಕಾಲು ಸೆಟೆದುಕೊಳ್ಳುತ್ತೆ. ಜೂನಿನಲ್ಲಿ ನಾಲ್ಕು."
ಮೂರು ಹೊಡೆದು ನಾಲ್ಕು ಮಾಡಿದೆ.
ತಿದ್ದಿದ ಕಡೆ ಸಹಿ ಹಾಕಬೇಕು ಎಂದೆ.
ನಿದ್ದೆಗೆಟ್ಟ ಅಂಕಿಯ ಪಕ್ಕ ಯೆಲ್ಕಾ
ಹೆಸರನ್ನು ಪೂರ್ತಿ ಬರೆದಳು.

ಹತ್ತೊಂಬತ್ತನೆಯ ಪುಟಕ್ಕೆ ಬಟ್ಟೆಯ ವಿಷಯ ಬಂತು.
"ಆಗ..." ಎಂದಳು. ಮತ್ತೆ "ಆಗ..."
ಆಗುತ್ತದೋ, ಆಗುವುದಿಲ್ಲವೋ,
ಎರಡೂ ಹೊರಡುವುದು ಅದೇ ಅಕ್ಷರದಿಂದ.

ಆಂತೆ ಮಾತಾಡಿದ್ದು ಆಗಲೇ. ಅವನ ಮಾತು
ತಡವಾಗಿ ಬರುತ್ತದೆ, ಬಂದದ್ದು ಹಿಂದೆ ಹೋಗುವುದಿಲ್ಲ.
"ಮೂರು ಗುಂಡಿ ಹಾಕ್ತೀನಿ.
ನಾಲ್ಕನೇದು ಆಗಲ್ಲ.
ಅಷ್ಟೊತ್ತಿಗೆ ಕೈ ಸೋತಿರುತ್ತೆ.
ಹಾಗೇ ಬರಿ."
ಸ್ವಲ್ಪ ತಡೆದು:
"ಅಮ್ಮನಿಗೆ ಅರವತ್ತೇಳು. ಅದನ್ನೂ ಬರಿ."

ಬರೆದೆ. ಎರಡಕ್ಕೂ ಸೇರಿ
ಮೂರು ಸಾಲು ಜಾಗವಿತ್ತು.
ಯೆಲ್ಕಾ ಎದ್ದು ಜೆರಾಕ್ಸ್ ಯಂತ್ರದ ಕಡೆ ಮುಖ ಮಾಡಿ
ಒಳಗೆ ಹಾಕದ ಕಾಗದದ ಪ್ರತಿಗಾಗಿ
ಬಹಳ ಹೊತ್ತು ಕಾದಳು.

ಹನ್ನೊಂದು ವಾರಕ್ಕೆ ಉತ್ತರ:
ಮಾನ್ಯರೇ, ತಮ್ಮ ಊನವು ಶಾಶ್ವತವೆಂಬುದಕ್ಕೆ
ಹೆಚ್ಚಿನ ಸಾಕ್ಷ್ಯ ಒದಗಿಸತಕ್ಕದ್ದು.
ಹುಟ್ಟಿದ ಗಳಿಗೆಯಿಂದ ಇದ್ದದ್ದು
ನಾಳೆ ಬೆಳಿಗ್ಗೆ ಹೋಗಿಬಿಟ್ಟರೆ ಎಂಬ
ಸರಕಾರದ ಆಸೆ, ಪಾಪ.

ಮತ್ತೆ ಗುರುವಾರ. ಅದೇ ಮೇಜು.
ಫಿಸಿಯೋ ಕೊಟ್ಟ ಹೊಸ ವರದಿ, ಹಳೆಯ ಡಬ್ಬಿ.
ಹೊರಗೆ ಗಾಳಿ, ಧೂಳು.
ಆಂತೆ ಇಸ್ತ್ರಿ ಮಾಡಿದ ನೀಲಿ ಷರ್ಟು ತೊಟ್ಟಿದ್ದ.
ಮೂರು ಗುಂಡಿ ಹಾಕಿತ್ತು. ನಾಲ್ಕನೆಯದು ಬಿಟ್ಟಿತ್ತು,
ಹೊಟ್ಟೆಯ ಬಳಿ ಒಂದು ಸಣ್ಣ ಕಿಟಕಿ.
ರೂಢಿಯಂತೆ ಯೆಲ್ಕಾಳ ಕೈ ಅತ್ತ ಹೋಯಿತು.
ಅವನು ಮೊಣಕೈ ಅಡ್ಡ ತಂದ:

"ಮುಟ್ಟಬೇಡಮ್ಮ.
ಸಾಕ್ಷ್ಯ."